ಇಳಿದಿದ್ದೀವಿ, ತಲುಪಿಲ್ಲ

ರೀಗಾದ ವಿಮಾನ ಕಂಪನಿಯೊಂದರ ಸಮಯಪಾಲನಾ ವಿಭಾಗದ ಮುಖ್ಯಸ್ಥರಾದ ಬ್ರೆನ್ಸಿಸ್ ಅವರು ಕಚೇರಿಗೆ ಬೇಗ ಬಂದರೆ ಒಳಗೆ ಹೋಗುತ್ತಿರಲಿಲ್ಲ. ಹಿಮ ಬೀಳುತ್ತಿದ್ದರೂ ಹೊರಗೇ ನಿಂತು, ಗಂಟೆ ಒಂಬತ್ತಾದ ಮೇಲೆ ಬಾಗಿಲು ತಳ್ಳುತ್ತಿದ್ದರು. ಬೇಗ ಬರುವುದೂ ತಡವಾಗಿ ಬರುವುದೂ ಅವರಿಗೆ ಒಂದೇ ಜಾತಿಯ ಅಶಿಸ್ತು.

ರೀಗಾದಿಂದ ತಾಲಿನ್‌ಗೆ ವಿಮಾನದಲ್ಲಿ ಮುಕ್ಕಾಲು ಗಂಟೆಯ ದಾರಿ. ಕಂಪನಿಯ ವಿಮಾನ ದಿನವೂ ತಡ. ವಿಮಾನ ಸರಿಪಡಿಸುವುದು ದುಬಾರಿಯಾದ್ದರಿಂದ ಬ್ರೆನ್ಸಿಸ್ ವೇಳಾಪಟ್ಟಿ ಸರಿಪಡಿಸಿದರು. ಹಾರಾಟದ ಅವಧಿ ಎರಡು ಗಂಟೆಯಾಯಿತು. ಇಷ್ಟೇ ದೂರಕ್ಕೆ ಅಷ್ಟು ಹೊತ್ತೇ ಎಂದು ಮೇಲಿನವರು ಆಕ್ಷೇಪವೆತ್ತಿದಾಗ ದೂರವನ್ನೂ ದುಪ್ಪಟ್ಟು ಮಾಡಲಾಯಿತು. ದೂರಕ್ಕೆ ತಕ್ಕಂತೆ ಬಹುಮಾನದ ಅಂಕ ಪಡೆಯುವ ಪ್ರಯಾಣಿಕರು ಇದನ್ನು ಮನಸಾರೆ ಸ್ವಾಗತಿಸಿದರು. ತಾಲಿನ್ ಮಾತ್ರ ಸಹಕರಿಸದೆ ಇದ್ದಲ್ಲೇ ಇದ್ದುದರಿಂದ ವಿಮಾನ ಬೇಗ ಇಳಿಯತೊಡಗಿತು. ಅದಕ್ಕೂ ನಿಯಮ ಬಂತು: ಅಧಿಕೃತ ಆಗಮನಕ್ಕೆ ಮುನ್ನ ಬಾಗಿಲು ತೆರೆಯತಕ್ಕದ್ದಲ್ಲ, ನೆಲ ಮುಟ್ಟಿದೊಡನೆ ಪ್ರಯಾಣಿಕರು ಹೊಡೆಯುವ ವಾಡಿಕೆಯ ಚಪ್ಪಾಳೆಯನ್ನೂ ಅಲ್ಲಿಯವರೆಗೆ ತಡೆಹಿಡಿಯತಕ್ಕದ್ದು.

ಆ ದಿನ ಬಾಗಿಲ ಹೊಣೆ ಗಗನಸಖಿ ಜಿಂತ್ರಾಳದು. ಮೊದಲ ಸಾಲಿನಲ್ಲಿ ಬ್ರೆನ್ಸಿಸ್ ಅವರೇ ಕೂತಿದ್ದರು. ತಾಲಿನ್‌ನಲ್ಲಿ ಅವರಿಗೆ ಸಮಯಪಾಲನೆಯ ಪ್ರಶಸ್ತಿ. ಪಕ್ಕದಲ್ಲಿ ಮೈಮು ಎಂಬ ಮುದುಕಿ. ಮಧ್ಯಾಹ್ನ ಹನ್ನೆರಡಕ್ಕೆ ತಾಲಿನ್‌ನ ಆಸ್ಪತ್ರೆಯಲ್ಲಿ ಅವಳ ಅಕ್ಕನಿಗೆ ಹೃದಯದ ಆಪರೇಷನ್. ಅದಕ್ಕೆ ಮೊದಲು ಒಂದು ಸಲ ಕೈ ಹಿಡಿದು ಮಾತಾಡಬೇಕಿತ್ತು. ಹತ್ತೂವರೆಗೆ ತಲುಪಿಸುತ್ತಾರೆಂದೇ ಟಿಕೆಟ್ ಕೊಂಡಿದ್ದಳು.

ಒಂಬತ್ತೂಕಾಲಿಗೆಲ್ಲ ಚಕ್ರ ನೆಲ ಮುಟ್ಟಿತು. ಜಿಂತ್ರಾ ಕೈಗೆ ಬಂದ ಪ್ರಕಟಣೆಯನ್ನು ಓದಿದಳು:

“ಮಾನ್ಯ ಪ್ರಯಾಣಿಕರೇ, ಪ್ರಶಸ್ತಿಯ ದಿನ ಸಮಯಪಾಲನೆಗೆ ಚ್ಯುತಿ ಬಾರದಿರಲೆಂದು ಹಾರಾಟದ ಅವಧಿಯನ್ನು ಈಗಷ್ಟೇ ನಾಲ್ಕು ಗಂಟೆಗೆ ಪರಿಷ್ಕರಿಸಲಾಗಿದೆ. ಆಗಮನ ಹನ್ನೆರಡೂವರೆಗೆ. ಸದ್ಯ ನಾವು ಹಾರಾಟದಲ್ಲಿದ್ದೇವೆ.”

“ಮಗಳೇ, ಇಳಿದಾಯ್ತಲ್ಲ?” ಎಂದಳು ಮೈಮು.

“ಇಳಿದಿದ್ದೀವಿ ಅಮ್ಮ. ತಲುಪಿಲ್ಲ.”

“ಅಲ್ನೋಡು, ಕಿಟಕಿ ಹೊರಗೇ ಕಸ ಗುಡಿಸೋನು ನಿಂತಿದಾನೆ!”

“ಅವನು ತಾಲಿನ್‌ನಲ್ಲಿದ್ದಾನೆ ತಾಯಿ,” ಬ್ರೆನ್ಸಿಸ್ ತಾಳ್ಮೆಯಿಂದ ತಿಳಿಹೇಳಿದರು. “ನೀವಿನ್ನೂ ದಾರೀಲಿದ್ದೀರಿ.”

“ಬಸ್ಸಲ್ಲೇ ಬರಬೇಕಿತ್ತು ನಾನು.”

“ಬಸ್ಸಿನವರಿಗೆ ಪ್ರಶಸ್ತಿ ಬಂದಿಲ್ಲ.”

ಹಿಂದಿನ ಸಾಲಿನವನೊಬ್ಬ ರೇಗಿದ: “ಸುಮ್ನಿರಜ್ಜಿ! ನಾಲ್ಕು ಗಂಟೆ ಅಂದ್ರೆ ದೂರಾನೂ ಜಾಸ್ತಿ ಮಾಡ್ತಾರೆ. ಬರೋ ಅಂಕಾನೂ ಕಳೀತೀಯಾ?”

ದೂರಪ್ರಯಾಣದ ನಿಯಮದಂತೆ ಜಿಂತ್ರಾ ಕಾಫಿ, ಕಪ್ಪು ಬ್ರೆಡ್ಡು ಹಂಚಿದಳು. ಕೆಲವರು ಕಿಟಕಿ ಮುಚ್ಚಿ ನಿದ್ದೆ ಹೋದರು. ಪ್ರಶಸ್ತಿ ಕೊಡುವ ಸಭಾಂಗಣದಿಂದ ಬ್ರೆನ್ಸಿಸ್‌ಗೆ ಫೋನ್ ಬಂತು. ತಾವಿನ್ನೂ ಆಕಾಶದಲ್ಲಿರುವುದಾಗಿ ಅವರು ತಿಳಿಸಿದರು. ಸಮಾರಂಭವನ್ನು ಸಂತೋಷದಿಂದ ಮುಂದೂಡಲಾಯಿತು.

“ನಮ್ಮ ಡಾಕ್ಟರಿಗೂ ಹಂಗೇ ಒಂದು ಮಾತು ಹೇಳಪ್ಪ,” ಎಂದಳು ಮೈಮು.

“ಆಸ್ಪತ್ರೆ ನಮ್ಮ ವಿಭಾಗಕ್ಕೆ ಬರುವುದಿಲ್ಲ,” ಎಂದು ಅವರು ಭಾಷಣದ ಹಾಳೆ ತಿರುವಿದರು.

ಹನ್ನೊಂದೂವರೆಗೆ ಮೈಮುವಿನ ಫೋನ್ ಸದ್ದಾಯಿತು. ಅಕ್ಕನನ್ನು ಒಳಗೆ ಕರೆದೊಯ್ಯುವ ಸಿದ್ಧತೆ ನಡೆದಿತ್ತು. ಅವಳು ಬೆಲ್ಟ್ ಬಿಚ್ಚಿ ಎದ್ದಳು. ಹಾರಾಟದಲ್ಲಿ ಎದ್ದು ನಿಂತದ್ದಕ್ಕೆ ಹಲವರು ಲೊಚಗುಟ್ಟಿದರು. ಬಾಗಿಲ ಹಿಡಿಯ ಮೇಲಿದ್ದ ಜಿಂತ್ರಾಳ ಕೈಯ ಮೇಲೆ ಮುದುಕಿ ತನ್ನ ತಣ್ಣಗಿನ ಕೈ ಇಟ್ಟಳು.

“ಒಂಚೂರು ತೆಗಿ ಮಗಳೇ. ನಾನು ತಲುಪಿದೀನಿ ಅಂತ ಯಾರಿಗೂ ಹೇಳಲ್ಲ.”