ರಜೆಯಲ್ಲಿ ಕೆಮ್ಮಿದ ಲಿಫ್ಟು

ಮೂರನೇ ಮಹಡಿ ದಾಟುವಾಗ ಆ ಲಿಫ್ಟು ಒಂದು ಸಲ ಕೆಮ್ಮುತ್ತಿತ್ತು. ಬೇರೆಯವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಲಿಫ್ಟಪ್ಪನಿಗೆ ಮಾತ್ರ ಪಕ್ಕದ ಕೋಣೆಯಲ್ಲಿ ಕೂಸು ಅತ್ತಷ್ಟು ಸಂಕಟ. ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿ, ನೆಂಟರಿಷ್ಟರ ಬಾಯಲ್ಲಿ ತನ್ನ ಸ್ವಂತ ಹೆಸರನ್ನೇ ಕಳೆದುಕೊಂಡ ಮನುಷ್ಯ ಅವನು.

ಆದರೆ ಕೈ ಹಾಕುವಂತಿರಲಿಲ್ಲ. ಹಿಂದಿನ ಎರಡು ರಜೆಗಳನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಕೆಡಿಸಿದ್ದರು. ಒಂದು ಸಲ ಅವನು ಹೋಟೆಲಿನ ಜನರೇಟರಿನೊಳಗೆ ತಲೆ ತೂರಿಸಿ ಎರಡು ದಿನ ಹೊರಗೆ ತೆಗೆಯಲಿಲ್ಲ. ಇನ್ನೊಂದು ಸಲ, ಟೈಲರ್ ಆದ ಹೆಂಡತಿ ದೋಣಿಯಲ್ಲಿ ಪಕ್ಕದವಳ ಅಂಗಿಯ ಅಂಚು ಬಿಚ್ಚಿ ಹೊಲಿಯುತ್ತ ಕೂತಿದ್ದರಿಂದ ಇಳಿಯಬೇಕಾದ ಜಾಗ ದಾಟಿಹೋಯಿತು. ಹಾಗಾಗಿ ಸಮುದ್ರದ ಎದುರಿನ ಈ ಅಪಾರ್ಟ್‌ಮೆಂಟಿಗೆ ಬಂದಿಳಿದ ಕೂಡಲೇ ಹತ್ತು ವರ್ಷದ ಮಗಳು ನೋಟ್‌ಬುಕ್ಕಿನ ಹಾಳೆ ಹರಿದು ಕರಾರು ಬರೆದಳು: ‘ಅಪ್ಪ ಸ್ಪ್ಯಾನರ್ ಮುಟ್ಟಬಾರದು. ಅಮ್ಮ ಸೂಜಿ ಮುಟ್ಟಬಾರದು. ಮನೆಗೆ ವಾಪಸ್ ಹೋಗುವವರೆಗೆ. ಮುಟ್ಟಿದವರು ಒಂದು ವರ್ಷ ಪಾತ್ರೆ ತೊಳೆಯಬೇಕು.’ ಇಬ್ಬರ ಸಹಿಯೂ ಬಿದ್ದು, ಹಾಳೆ ಫ್ರಿಜ್ಜಿನ ಬಾಗಿಲೇರಿತು.

ಪಾತ್ರೆಯ ಭಯ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಸಹಿ ಹಾಕುವಾಗ ಹೆಂಡತಿ ಹೇಳಿದ ಮಾತು ಅವನಿಗೆ ನಾಟಿತ್ತು. “ಆರೇ ಆರು ದಿನ ರೀ. ನಮ್ ಜೊತೆ ಸುಮ್ನೆ ಕೂತ್ಕೊಳ್ಳಿ, ಸಾಕು.” ಈ ಸಲ ಗೆದ್ದೇ ತೀರಬೇಕು, ಅವಳ ಮುಂದೆ ತಲೆ ಎತ್ತಿ ಊರಿಗೆ ಮರಳಬೇಕು ಎಂದು ಅವನು ನಿಜವಾಗಿಯೂ ಆಸೆಪಟ್ಟಿದ್ದ.

ಐದು ದಿನ ಹಲ್ಲು ಕಚ್ಚಿಕೊಂಡು ಕಳೆದ. ಕೆಮ್ಮು ಕೇಳಿಸದಿರಲೆಂದು ಆರು ಮಹಡಿ ಮೆಟ್ಟಿಲಲ್ಲೇ ಹತ್ತಿ ಇಳಿದ. ಯಾರಾದರೂ ಏನು ಕೆಲಸ ಎಂದು ಕೇಳಿದರೆ “ಲೈಬ್ರರಿಯಲ್ಲಿದೀನಿ” ಎಂದ. ಅಡುಗೆಮನೆಯ ನಲ್ಲಿ ರಾತ್ರಿಯಿಡೀ ತೊಟ್ಟಿಕ್ಕಿ ನಿದ್ದೆ ಕೆಡಿಸಿದಾಗಲೂ ಸ್ಪ್ಯಾನರ್ ಮುಟ್ಟಲಿಲ್ಲ. ನೆಲದ ಮೇಲೆ ಬಿದ್ದಿದ್ದ ಒಂದೆಳೆ ನೀಲಿ ದಾರವನ್ನು ನಲ್ಲಿಯ ಮೂತಿಗೆ ಕಟ್ಟಿ ಇಳಿಬಿಟ್ಟ. ಹನಿ ದಾರ ಹಿಡಿದು ಸದ್ದಿಲ್ಲದೆ ಜಾರಿತು. ಅಂದ ಹಾಗೆ ಸ್ಪ್ಯಾನರ್ ಒಂದು ಅವನ ಕಾಲುಚೀಲದೊಳಗೆ ಇತ್ತು. ಬಳಸುವುದಕ್ಕಲ್ಲ, ಹತ್ತಿರದಲ್ಲಿದ್ದರೆ ಒಂದು ಧೈರ್ಯ, ಅಷ್ಟೆ.

ಆರನೇ ದಿನ ಮಧ್ಯಾಹ್ನ ಹೆಂಡತಿ ಎಂದಿನಂತೆ “ಮರಳಲ್ಲಿ ಸ್ವಲ್ಪ ನಡ್ಕೊಂಡು ಬರ್ತೀನಿ” ಎಂದು ಹೊರಟಳು. ಮಗಳು ಕೆಳಗೆ ಅಂಗಳದಲ್ಲಿ ಆಡುತ್ತಿದ್ದಳು. ಲಿಫ್ಟಪ್ಪ ಬಾಲ್ಕನಿಯ ಕುರ್ಚಿಯಲ್ಲಿ ಕಾಲು ಚಾಚಿ, ಇನ್ನೊಂದೇ ರಾತ್ರಿ ಎಂದುಕೊಂಡು ಕಣ್ಣು ಮುಚ್ಚಿದ. ಆಗ ಕೆಳಗೆಲ್ಲೋ ಕೆಮ್ಮು ಕೇಳಿಸಿತು. ಆಮೇಲೆ ಧಡ್ ಎಂದಿತು. ಆಮೇಲೆ ಯಾರೋ ಅಜ್ಜಿ ಕಿರುಚಿದರು.

ಅವನು ಮೂರನೇ ಮಹಡಿಗೆ ಇಳಿಯುವಷ್ಟರಲ್ಲಿ ಅಲ್ಲಿ ಜಾತ್ರೆ ನೆರೆದಿತ್ತು. ಲಿಫ್ಟು ಮೂರು ಮತ್ತು ನಾಲ್ಕರ ನಡುವೆ ತ್ರಿಶಂಕುವಾಗಿ ನಿಂತಿತ್ತು. ವಾಚ್‌ಮನ್ ಸಿಕ್ಕ ಸಿಕ್ಕ ಗುಂಡಿ ಒತ್ತುತ್ತಿದ್ದ. ಮೊದಲ ದಿನ ಪ್ಯಾಂಟನ್ನು ಮೂರು ಮಡಿಕೆ ಮಡಿಚಿಕೊಂಡು ಓಡಾಡುತ್ತಿದ್ದ ಅವನು ಇವತ್ತು ಮದುಮಗನ ಹಾಗೆ ನೀಟಾಗಿದ್ದ. ಆದರೆ ಲಿಫ್ಟಪ್ಪನ ಕಣ್ಣು ಯಂತ್ರ ಬಿಟ್ಟು ಬೇರೇನನ್ನೂ ನೋಡುವುದಿಲ್ಲ.

“ಕಂಪನಿಯವ್ರು ಬರೋಕೆ ಮೂರು ಗಂಟೆ ಆಗತ್ತಂತೆ” ಎಂದ ವಾಚ್‌ಮನ್.

“ಮೂರು ಗಂಟೆನಾ! ಅಷ್ಟರಲ್ಲಿ ನನ್ ಕಥೆ ಮುಗ್ದಿರತ್ತೆ!” ಒಳಗಿನಿಂದ ಅಜ್ಜಿಯ ದನಿ ಬಂತು.

ಐದನೇ ಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು ಮುಂದೆ ಬಂದರು. “ಅಜ್ಜೀ, ಗಾಬರಿ ಆಗ್ಬೇಡಿ. ನಾನು ಎಣಿಸ್ತೀನಿ. ಮೂರು ಅಂದ ಕೂಡ್ಲೇ ಜೋರಾಗಿ ನೆಗೀರಿ. ಭಾರಕ್ಕೆ ತಾನಾಗೇ ಕೆಳಗಿಳಿಯತ್ತೆ.”

“ನೆಗೀಬೇಡಿ!” ಲಿಫ್ಟಪ್ಪ ಚೀರಿದ. ಎಲ್ಲರೂ ತಿರುಗಿ ನೋಡಿದರು.

“ಲೈಬ್ರರಿಯವ್ರಿಗೆ ಇದೆಲ್ಲ ಏನ್ ಗೊತ್ತು?” ಹೆಡ್‌ಮೇಷ್ಟ್ರು ಹುಬ್ಬೇರಿಸಿದರು.

“ಎಲ್ಲೋ... ಓದಿದ್ದೆ.”

“ನಾನೊಬ್ಳೇ ಅಲ್ಲಪ್ಪಾ ಇರೋದು” ಅಜ್ಜಿ ಕೂಗಿದರು. “ಇನ್ನೊಬ್ರಿದಾರೆ. ಇಷ್ಟೊತ್ತೂ ಚೆನ್ನಾಗೇ ಮಾತಾಡ್ತಿದ್ರು. ಈಗ ನೀನು ಕಿರುಚಿದ್ಮೇಲೆ ಬಾಯೇ ಬಿದ್ದೋಗಿದೆ. ಗೋಡೆ ಕಡೆ ಮುಖ ಮಾಡ್ಕೊಂಡು ನಿಂತಿದಾರೆ!”

ಪಾಪ, ಯಾರೋ ಏನೋ, ಎದೆ ಒಡೆದುಕೊಂಡಿದ್ದಾರೆ ಎಂದು ಲಿಫ್ಟಪ್ಪ ಮರುಗಿದ. ಆದರೂ ಕೈ ಕಟ್ಟಿ ನಿಂತ. ಫ್ರಿಜ್ಜಿನ ಮೇಲಿನ ಹಾಳೆ ಕಣ್ಣ ಮುಂದೆ ಕುಣಿಯಿತು. ಅಷ್ಟರಲ್ಲಿ ವಾಚ್‌ಮನ್ ಎಲ್ಲಿಂದಲೋ ಆಳುದ್ದದ ಕಬ್ಬಿಣದ ಸಲಾಕೆ ತಂದು, ಬಾಗಿಲ ಸಂದಿಗೆ ತೂರಿಸಿ ಮೀಟಲು ಶುರು ಮಾಡಿದ. ಲೋಹ ನರಳಿತು. ಇನ್ನು ತಡೆಯಲಾಗಲಿಲ್ಲ.

“ಬಿಡ್ರೀ ಅದನ್ನ! ಬಾಗಿಲೇ ಕಿತ್ತು ಬಂದ್ರೆ ಏನ್ ಗತಿ? ನಾನು ಲೈಬ್ರರಿಯವನೂ ಅಲ್ಲ, ಗಿಬ್ರರಿಯವನೂ ಅಲ್ಲ. ಲಿಫ್ಟ್ ಮೆಕ್ಯಾನಿಕ್!”

ಲಿಫ್ಟಪ್ಪ ಬಗ್ಗಿ ಕಾಲುಚೀಲದಿಂದ ಸ್ಪ್ಯಾನರ್ ಎಳೆದ.

“ಆದ್ರೆ ಒಂದು ಮಾತು. ನನ್ನ ಹೆಂಡತಿಗೆ ಇದು ಗೊತ್ತಾಗ್ಬಾರ್ದು. ಗೊತ್ತಾದ್ರೆ ಒಂದು ವರ್ಷ ಪಾತ್ರೆ ತಿಕ್ಕಿ ಸಾಯ್ತೀನಿ. ಎಲ್ಲಾರೂ ಆಣೆ ಮಾಡಿ.”

“ಆಣೆಗೂ ಹೇಳಲ್ಲ!” ಜನ ಒಕ್ಕೊರಲಿನಿಂದ ಕೂಗಿದರು. ಲಿಫ್ಟಿನೊಳಗಿನಿಂದ ಅಜ್ಜಿಯೂ ಕೂಗಿದರು.

ಲಿಫ್ಟಪ್ಪ ತಾರಸಿಗೆ ಓಡಿದ. ಮೋಟಾರು ಕೋಣೆಯಲ್ಲಿ ಕರೆಂಟು ತೆಗೆದು, ಬ್ರೇಕು ಸಡಿಲಿಸಿ, ದೊಡ್ಡ ಚಕ್ರವನ್ನು ಕೈಯಲ್ಲೇ ಹದವಾಗಿ ತಿರುಗಿಸಿದ. ಐದು ದಿನದಿಂದ ಅನ್ನ ಕಾಣದವನಿಗೆ ಎಲೆ ಹಾಕಿದಂತಾಗಿತ್ತು ಅವನಿಗೆ. ಲಿಫ್ಟು ಇಂಚಿಂಚಾಗಿ ಮೂರನೇ ಮಹಡಿಗೆ ಇಳಿಯಿತು. ಓಡಿ ಬಂದು ಬಾಗಿಲ ಮೇಲಿನ ಬೀಗದ ಪೆಟ್ಟಿಗೆಯ ನಟ್ಟು ಸಡಿಲಿಸಿ ಬಾಗಿಲು ಸರಿಸಿದ. ಚಪ್ಪಾಳೆ ಬಿತ್ತು.

ಮೊದಲು ಅಜ್ಜಿ ಹೊರಬಂದು ಅವನ ಕೆನ್ನೆ ಸವರಿದರು. ಹಿಂದೆ ಒಂದು ಹೊರೆ ಬಟ್ಟೆ ನಿಂತಿತ್ತು. ಬಟ್ಟೆಗೆ ಎರಡು ಕಾಲಿದ್ದವು. ಆ ಚಪ್ಪಲಿ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಲಿಫ್ಟಪ್ಪ ಯೋಚಿಸುವಷ್ಟರಲ್ಲಿ ಹೊರೆ ಮೆಲ್ಲಗೆ ಕೆಳಗಿಳಿಯಿತು. ಮೇಲೆ ಹೆಂಡತಿಯ ಮುಖವಿತ್ತು. ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ಎರಡು ಗುಂಡುಪಿನ್ನು.

“ಅಯ್ಯೋ, ನಮ್ಮ ಟೈಲರಮ್ಮ!” ಎಂದರು ಹೆಡ್‌ಮೇಷ್ಟ್ರು. “ನಮ್ಮನೆ ಪರದೆ ಅಳತೆಗೆ ಬರ್ತಿದ್ರು. ಇವ್ರ ಕೈಲಿ ಏನ್ ಕಲೆ ಅಂತೀರಿ! ದಿನಾ ಮಧ್ಯಾಹ್ನ ಅಜ್ಜಿ ಮನೇಲೇ ಕೂತು ಇಡೀ ಬಿಲ್ಡಿಂಗಿಗೆ ಹೊಲ್ದು ಕೊಟ್ಟಿದಾರೆ.”

ವಾಚ್‌ಮನ್ ಹೆಮ್ಮೆಯಿಂದ ತನ್ನ ನೀಲಿ ಪ್ಯಾಂಟಿನ ಅಂಚು ತೋರಿಸಿದ. ಲಿಫ್ಟಪ್ಪನಿಗೆ ನಲ್ಲಿಗೆ ಕಟ್ಟಿದ ದಾರ ನೆನಪಾಯಿತು. ಅವನ ಎದೆಯೊಳಗೆ ಖುಷಿ ಉಕ್ಕಿತು.

“ಮರಳಲ್ಲಿ ನಡಿಗೆ ಹೇಗಿತ್ತೇ?” ಎಂದ.

ಆಕೆ ಪಿನ್ನು ತೆಗೆದು, “ಲೈಬ್ರರಿ ಹೇಗಿತ್ತು ರೀ?” ಎಂದಳು.

ಸಂಜೆ ಫ್ರಿಜ್ಜಿನ ಎದುರು ವಿಚಾರಣೆ ನಡೆಯಿತು. ಇಬ್ಬರೂ ತಪ್ಪಿತಸ್ಥರು, ಸಮ ಸಮ, ಕೇಸು ವಜಾ ಎಂದು ಲಿಫ್ಟಪ್ಪ ವಾದ ಮಂಡಿಸಿದ. ಮಗಳು ತಲೆದೂಗಿ ಅಮ್ಮನ ಕಡೆ ತಿರುಗಿದಳು.

“ಕರಾರಲ್ಲಿ ಏನ್ ಬರ್ದಿದೀಯ, ಓದು ಪುಟ್ಟಿ” ಎಂದಳು ಆಕೆ ತಣ್ಣಗೆ.

“ಅಮ್ಮ ಸೂಜಿ ಮುಟ್ಟಬಾರದು.”

“ನಾನೆಲ್ಲಿ ಮುಟ್ಟಿದೆ? ಸೂಜಿ ಇದ್ದಿದ್ದು ಅಜ್ಜಿಯ ಮಶೀನಲ್ಲಿ. ದಾರ ಪೋಣಿಸಿದ್ದು ಅಜ್ಜಿ, ಕನ್ನಡಕ ಹಾಕ್ಕೊಂಡು, ಪ್ರತಿ ಸಲಾನೂ. ನಾನು ಬಟ್ಟೆ ಹಿಡ್ಕೊಂಡೆ, ಪೆಡಲ್ ತುಳ್ದೆ. ಬೇಕಾದ್ರೆ ಅಜ್ಜೀನ ಕೇಳು.”

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. “ಹೌದು ಮಗಾ, ನಿಮ್ಮಮ್ಮ ಸೂಜಿ ಹತ್ರಾನೂ ಬೆರಳು ತರ್ಲಿಲ್ಲ. ನಂಗೆ ಆಗ್ಲೇ ಆಶ್ಚರ್ಯ ಆಗಿತ್ತು.”

“ಇದು ಮೋಸ!” ಎಂದ ಲಿಫ್ಟಪ್ಪ.

“ಅಪ್ಪಾ, ನೀನು ಸ್ಪ್ಯಾನರ್ ಮುಟ್ಟಿದ್ಯಾ?” ಮಗಳು ಕೇಳಿದಳು.

ಉತ್ತರ ಅವನ ಕೈಯಲ್ಲೇ ಇತ್ತು. ಮಗಳು ಅದನ್ನು ಮೆಲ್ಲಗೆ ತೆಗೆದುಕೊಂಡು ಅಮ್ಮನ ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. “ನಾಳೆ ಮನೆ ಸೇರೋವರ್ಗೂ ಕರಾರು ಜಾರಿಯಲ್ಲಿರತ್ತೆ” ಎಂದಳು.

ಆ ರಾತ್ರಿ ಲಿಫ್ಟಪ್ಪ ತೋಳು ಮಡಿಚಿ ಸಿಂಕಿನ ಮುಂದೆ ನಿಂತ. ಲಿಫ್ಟಿನಿಂದ ಹೊರಬಂದ ಖುಷಿಗೆ ಅಜ್ಜಿ, ಹೆಡ್‌ಮೇಷ್ಟ್ರು, ವಾಚ್‌ಮನ್ ಎಲ್ಲರೂ ಇಲ್ಲೇ ಉಂಡಿದ್ದರಿಂದ ಪಾತ್ರೆ ಎದೆಮಟ್ಟ ಬಂದಿತ್ತು. ಹೆಂಡತಿ ಬಾಲ್ಕನಿಯಲ್ಲಿ ಕೂತು ಸಮುದ್ರ ನೋಡುತ್ತ, “ಒಳ್ಳೇ ರಜೆ ರೀ ಈ ಸಲ” ಎಂದು ಕೂಗಿ ಹೇಳಿದಳು. ಮೊದಲ ತಟ್ಟೆ ಹಿಡಿದು ಅವನು ನಲ್ಲಿ ತಿರುಗಿಸಿದ. ನೀಲಿ ದಾರದಗುಂಟ ಒಂದು ಹನಿ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಇನ್ನಷ್ಟು ತಿರುಗಿಸಿದ. ನಲ್ಲಿಯ ತಿರುಪು ಕೈಗೆ ಕಿತ್ತು ಬಂತು.

ಎರಡೇ ನಿಮಿಷದ ಕೆಲಸ ಅದು, ಒಂದು ಸ್ಪ್ಯಾನರ್ ಇದ್ದಿದ್ದರೆ.