ಸೂರ್ಯನ ಒಡಲಿನ ಪಂಚನಾಮೆ

ಸೂರ್ಯನ ಒಡಲು ಕನ್ನೊಳ್ಳಿಯ ಶೇವಂತೆವ್ವನ ಅಡುಗೆಮನೆಯಲ್ಲಿದೆ ಎಂಬುದು ೧೯೭೪ರಲ್ಲಿ ಪಂಚರ ಸಮಕ್ಷಮ ಇತ್ಯರ್ಥವಾಯಿತು. ಈ ಬಗ್ಗೆ ಇದುವರೆಗೆ ಯಾರೂ ತಕರಾರು ಸಲ್ಲಿಸಿರುವುದಿಲ್ಲ.

ಆಕೆಯ ಮಗ ಅಮೋಘಸಿದ್ಧ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ನಕ್ಷತ್ರ, ಗ್ರಹಗಳ ಒಳಗಿನ ದ್ರವ ಯಾವಾಗ ಹದ ತಪ್ಪಿ ಉಕ್ಕುತ್ತದೆ ಎಂಬುದರ ಮೇಲೆ ಡಾಕ್ಟರೇಟ್ ಮಾಡಲು ರಜೆ ಕೇಳಿದ್ದ. ಸಂಶೋಧನೆ ನಡೆಯುವ ಸ್ಥಳದ ಪಂಚನಾಮೆಯಿಲ್ಲದೆ ರಜೆಯಿಲ್ಲ. ರಜೆಯಿಲ್ಲದಿದ್ದರೆ ತಿಂಗಳ ಕೊನೆಗೆ ನೋಂದಣಿ ರದ್ದು. ವರ್ಷಗಟ್ಟಲೆ ಮಾಡಿದ ಗಣಿತವೆಲ್ಲ ನೀರುಪಾಲು.

ತಪಾಸಣೆಗೆ ಬಂದ ಕಂದಾಯ ಇಲಾಖೆಯ ರೇವಪ್ಪ ಸಾಹೇಬರು ಊರಿನ ಪಂಚರನ್ನು ಕೂಡಿಸಿ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡರು.

"ಸ್ಥಳ ತೋರಸ್ರಿ, ಮಾಸ್ತರ."

ಅಮೋಘಸಿದ್ಧ ಮೇಲಕ್ಕೆ ಬೆರಳು ಮಾಡಿದ. ಸಾಹೇಬರು ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ಪರಿಶೀಲಿಸಿದರು.

"ಚಕ್ಕುಬಂದಿ ಹೇಳ್ರಿ. ಮೂಡಲಕ್ಕ ಯಾರ ಹೊಲ?"

"ಯಾರದೂ ಇಲ್ರಿ. ಬರೇ ಬಯಲು."

"ಹಂಗಾರ ಸರಕಾರಿ ಗಾಯರಾಣ, ದನಾ ಮೇಯೋ ಜಾಗಾ."

ಪಂಚರಲ್ಲೊಬ್ಬನಾದ ಬೀರಣ್ಣ ಎದ್ದು ನಿಂತ. "ಸಾಹೇಬ್ರ, ಮುಂಜಾನಿ ಅದು ಭೀಮಶ್ಯಾನ ಹೊಲದ ಮ್ಯಾಲಿತ್ತು. ಈಗ ನಮ್ಮ ತಲಿ ಮ್ಯಾಲ ಬಂದೈತಿ."

ಸೂರ್ಯನು ಹಗಲೆಲ್ಲ ಒತ್ತುವರಿ ಮಾಡುತ್ತಿರುವುದಾಗಿ ದಾಖಲಾಯಿತು. ಆದರೆ ನಿಜವಾದ ಅಡಚಣೆ ಬೇರೆ ಇತ್ತು. ಸಂಶೋಧನೆ ಒಳಭಾಗದ್ದು, ಒಳಹೊಕ್ಕು ನೋಡದೆ ಪಂಚರು ಹೆಬ್ಬೆಟ್ಟು ಒತ್ತುವಂತಿಲ್ಲ.

"ಒಳಗ ಹೋದ್ರ ಸುಟ್ಟು ಬೂದಿ ಆಗ್ತೀವ್ರಿ!" ಎಂದ ಅಮೋಘಸಿದ್ಧ.

"ಅಂದ್ರ ನೀವೂ ಹೋಗಿಲ್ಲ. ಜಾಗಾ ನೋಡದ ಏನ್ ಸಂಶೋಧನಾ ಮಾಡಾಕತ್ತೀರಿ?" ಸಾಹೇಬರು ಪೆನ್ನಿಗೆ ಟೋಪಿ ಹಾಕಿದರು.

ಅಷ್ಟರಲ್ಲಿ ಒಳಗಿನಿಂದ ಗೋಧಿ ಹುಗ್ಗಿಯ ಘಮ ಬಂತು. ಸಾಹೇಬರ ಮೂಗು ಅತ್ತ ಹೊರಳಿತು. ಅದರ ಹಿಂದೆಯೇ ಅಮೋಘಸಿದ್ಧನ ವಿಜ್ಞಾನವೂ.

"ಒಳಗ ಬರ್ರಿ. ತಳಾ ಕಾದ್ರ ಬಿಸೀದು ಮ್ಯಾಲ ಏಳತೈತಿ, ಆರಿದ್ದು ಕೆಳಗ ಇಳೀತೈತಿ. ಸೂರ್ಯನ ಒಡಲಾಗೂ ಹಿಂಗ."

ಪಂಚರು ಒಲೆಯ ಮೇಲಿನ ಹುಗ್ಗಿಯ ಪಾತೇಲಿಯ ಸುತ್ತ ಕುಳಿತು ನೋಡಿದರು.

"ನೋಡಿದ್ರ ಸಾಲದು," ಎಂದರು ಸಾಹೇಬರು. "ಹದಾ ತಪ್ಪೇತೋ ಇಲ್ಲೋ, ತಿಂದ ಹೇಳಬೇಕು."

ಪಂಚರು ಹೇಳಿದರು. ಸಂಶಯ ನಿವಾರಣೆಗಾಗಿ ಮತ್ತೊಮ್ಮೆ ಬಡಿಸಿಕೊಂಡು ಹೇಳಿದರು.

"ಯಪ್ಪಾ, ದೇವರ ಎಡಿಗೆ ಮಾಡಿದ್ದು ಅದು!" ಶೇವಂತೆವ್ವ ಸೌಟು ಹಿಡಿದು ಅಡ್ಡ ಬಂದಳು.

"ಅವ್ವಾರ, ತಪಾಸಣಿ ನಡದಾಗ ಸ್ಥಳಕ್ಕ ಕೈ ಹಚ್ಚಬ್ಯಾಡ್ರಿ."

ರಜೆ ಮಂಜೂರಾಯಿತು. ಷರತ್ತು ಇಷ್ಟೇ: ಸಂಶೋಧಕನು ಸ್ಥಳ ಬಿಟ್ಟು ಕದಲತಕ್ಕದ್ದಲ್ಲ, ಪ್ರತಿ ಸೋಮವಾರ ತಪಾಸಣೆಗೆ ಸ್ಥಳ ಬಿಸಿಯಾಗಿರತಕ್ಕದ್ದು. ಅಮೋಘಸಿದ್ಧ ಒಲೆಯ ಮಗ್ಗುಲಲ್ಲೇ ಪ್ರಬಂಧ ಬರೆದ.

"ಯವ್ವಾ, ಸೂರ್ಯ ಮುಗೀತು," ಎಂದ ಒಂದು ದಿನ. "ಇನ್ನ ಗುರುಗ್ರಹ."

"ಗೊತ್ತೈತಿ. ಅದಕ್ಕ ಕಡಬು ಆಗಬೇಕಂತ ಸಾಹೇಬ್ರು ಹೇಳಿ ಕಳಿಸ್ಯಾರ."

ಮಗ ಲೆಕ್ಕ ನಿಲ್ಲಿಸಿ ಗಂಭೀರವಾಗಿ ಯೋಚಿಸಿದ.

"ಹೂರಣಾ ತುಸು ತೆಳ್ಳಗ ಇರಲಿ ಬೇ. ಒಳಗ ದ್ರವ ಇರಬೇಕು."