ಲೈಬ್ರರಿ ಮುಂದಿನ ನಲ್ಲಿಗೆ ನಾಲ್ಕು ಬೀಗ

ನಮ್ಮ ಅರಸೀಕೆರೇಲಿ ನಗರಸಭೆಯವರು ಒಬ್ಬರೇ ಏನಾದ್ರೂ ಮಾಡಿದ್ರೆ ಅದು ಕೆಲಸ. ಇನ್ನೆರಡು ಆಫೀಸಿನವರನ್ನ ಜೊತೆಗೆ ಸೇರಿಸ್ಕೊಂಡ್ರೆ ನಮಗೆ ಪುಕ್ಕಟೆ ಸಿನಿಮಾ. ಹತ್ತನೇ ಕ್ಲಾಸಲ್ಲಿ ಗಣಿತ ಕೈಕೊಟ್ಟ ಮೇಲೆ ನನಗೆ ಅದನ್ನ ನೋಡೋಕೆ ಟೈಮೂ ಬೇಜಾನ್ ಸಿಕ್ತು.

ಬೋರ್ಡು

ನಮ್ಮಜ್ಜಿ ಲೈಬ್ರರಿ ಕಾಂಪೌಂಡಿನ ಪಕ್ಕ ಹೂ ಮಾರ್ತಾಳೆ. ಮಾಲೇಕಲ್ಲು ದೇವಸ್ಥಾನಕ್ಕೆ ಹೋಗೋರು ಬೆಳಿಗ್ಗೇನೇ ತಗೊಂಡ್ರೆ ಸರಿ, ಇಲ್ಲಾಂದ್ರೆ ಬಿಸಿಲಿಗೆ ಹೂವು ಬಾಡಿ ಹೋಗುತ್ತೆ. ಚಿಮುಕಿಸೋಕೆ ನೀರು ಬೇಕಂದ್ರೆ ರೈಲ್ವೆ ಸ್ಟೇಷನ್ ಕಡೆ ಹೋಗಬೇಕು. ಕೊಡ ಹೊರೋನು ನಾನು.

ಅಂಥದ್ರಲ್ಲಿ ಅಜ್ಜಿ ಬೆನ್ನ ಹಿಂದೇನೇ ಒಂದು ಕುಡಿಯೋ ನೀರಿನ ಘಟಕ ಎದ್ದಿತು. ಜಾಗ ಲೈಬ್ರರಿದು, ಟ್ಯಾಂಕು ನಗರಸಭೆದು, ವೈರು ಕರೆಂಟ್ ಆಫೀಸಿಂದು. ಮೇಲೊಂದು ಬೋರ್ಡು: ‘ನಗರಸಭೆ, ಗ್ರಂಥಾಲಯ, ವಿದ್ಯುತ್ ಕಚೇರಿ ಹಾಗೂ ಸಾರ್ವಜನಿಕರ ಸಹಯೋಗದಲ್ಲಿ’. ಲೈಬ್ರರಿ ಹೆಸರು ಸಣ್ಣದಾಯ್ತು ಅಂತ ಅದಕ್ಕೆ ಇನ್ನೊಂದು ಸಲ ಬಣ್ಣ ಹೊಡೆದ್ರು.

ಅಜ್ಜಿ ನಗರಸಭೆ ಇಂಜಿನಿಯರನ್ನ ಹಿಡ್ಕೊಂಡ್ಳು. “ಸ್ವಾಮಿ, ನೀರು ಯಾವಾಗ ಬುಡ್ತೀರಾ?”

“ನೀರು ರೆಡಿ ಐತೆ ಅಜ್ಜಿ. ಉದ್ಘಾಟನೆ ಒಂದು ಆಗ್ಬೇಕು.”

“ಅದುಕ್ಕೇನ್ ಬೇಕು?”

“ಮೂರು ಆಫೀಸಿನೋರೂ ಒಂದೇ ದಿನ ಊರಲ್ಲಿರ್ಬೇಕು.”

“ಹಂಗಾದ್ರೆ ನನ್ನ ತಿಥಿ ದಿನ ಇಟ್ಕಳಿ,” ಅಂದ್ಳು ಅಜ್ಜಿ. “ಊಟಕ್ಕಾದ್ರೂ ಎಲ್ಲಾ ಬತ್ತಾರೆ.”

ಮೂರು ಬೀಗ

ಘಟಕಕ್ಕೆ ಕಬ್ಬಿಣದ ಗೇಟು. ಮೊದಲು ಇಂಜಿನಿಯರು ಬೀಗ ಜಡಿದ್ರು. “ಹುಡುಗರು ನಲ್ಲಿ ಮುರೀತಾರೆ,” ಅಂತ ನನ್ನನ್ನೇ ನೋಡ್ಕೊಂಡು ಹೇಳಿದ್ರು.

ಮಾರನೇ ದಿನ ಲೈಬ್ರರಿ ಮೇಡಂ ತಮ್ಮದೊಂದು ಹಾಕಿದ್ರು. “ನಾವಿಲ್ದೇ ಇರೋ ಹೊತ್ತಲ್ಲಿ ಅವರೇ ಟೇಪು ಕತ್ತರಿಸಿಬಿಟ್ರೆ?”

ಅದನ್ನ ನೋಡಿ ಲೈನ್‌ಮನ್ ಅಣ್ಣ ಎಲ್ಲಕ್ಕಿಂತ ದಪ್ಪದ್ದು ತಂದ. “ನಿಮ್ಮನ್ನ ನಂಬಲ್ಲ ಅಂತಲ್ಲ ಮೇಡಂ. ಸಾಹೇಬ್ರು ಹೇಳವ್ರೆ.”

ಇಷ್ಟು ಕಾವಲು ಯಾವುದಕ್ಕೆ ಅಂದ್ರೆ, ಒಳಗಿದ್ದದ್ದು ಒಂದು ನಲ್ಲಿ, ಒಂದು ಸ್ಟೀಲ್ ಲೋಟ. ಆ ಲೋಟಕ್ಕೂ ಸರಪಳಿ!

ನಮ್ಮ ಪಾಲು

ಒಂದಿನ ಸ್ಟೇಷನ್ನಿಂದ ಕೊಡ ಹೊತ್ತು ತಂದು, ಏದುಸಿರು ಬಿಡ್ತಾ ಬೋರ್ಡು ಓದಿದೆ. “ಮೇಡಂ, ಸಾರ್ವಜನಿಕರು ಅಂದ್ರೆ ಯಾರು?”

“ನೀನು, ನಿಮ್ಮಜ್ಜಿ, ಎಲ್ಲಾರೂ ಕಣೋ.”

ಮೂರು ಪಾಲುದಾರರು ಬೀಗ ಹಾಕಿದ ಮೇಲೆ ನಾಲ್ಕನೆಯವರು ಸುಮ್ಮನಿದ್ರೆ ಚೆನ್ನಾಗಿರುತ್ತಾ? ಮೇಡಂ ಊಟಕ್ಕೆ ಹೋದಾಗ ನನ್ನ ಸೈಕಲ್ ಚೈನ್ ಬೀಗಾನ ಗೇಟಿಗೆ ಸುತ್ತಿ ಒತ್ತಿದೆ.

ಇಂಜಿನಿಯರು ಬಂದು ನೋಡಿ, “ಲೈಬ್ರರಿಯವರು ಇನ್ನೊಂದು ಹಾಕವ್ರೆ,” ಅಂತ ಗೊಣಗಿದ್ರು. ಮೇಡಂ, “ಇದು ಕರೆಂಟಿನವರದೇ,” ಅಂದ್ರು. ಲೈನ್‌ಮನ್, “ನಗರಸಭೆಯವರ ಬುದ್ಧಿ ನೋಡ್ಲಾ,” ಅಂತ ನನಗೇ ಹೇಳಿದ. ನಾನೂ “ಛೇ” ಅಂದೆ. ನೇರ ಕೇಳಿದ್ರೆ ಸಣ್ಣೋರಾಗ್ತೀವಿ ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಇನ್ನೂ ತಡ ಮಾಡಿದ್ರೆ ಮಿಕ್ಕವರು ಮತ್ತೊಂದು ಜಡೀತಾರೆ ಅನ್ನೋ ಭಯಕ್ಕೆ, ಎಲ್ಲರೂ ಸೇರಿ ಅದೇ ವಾರ ಉದ್ಘಾಟನೆ ಇಟ್ಟೇಬಿಟ್ರು!

ಉದ್ಘಾಟನೆ

ಶಾಮಿಯಾನ, ಮೈಕು, ಅಜ್ಜಿ ಕಟ್ಟಿದ ದೊಡ್ಡ ಸೇವಂತಿಗೆ ಹಾರ. ಮುಖ್ಯ ಅತಿಥಿಗಳು ಟೇಪು ಕತ್ತರಿಸಿ, ಕಾಯಿ ಒಡೆದು, “ಮೂರೂ ಆಫೀಸಿನವರು ಒಂದೇ ಮನೆಯವರ ಥರ ಇದ್ದೀರಿ,” ಅಂತ ಹೊಗಳಿದ್ರು. ಇಂಜಿನಿಯರು ಬೀಗ ತೆಗೆದ್ರು. ಮೇಡಂ ತೆಗೆದ್ರು. ಲೈನ್‌ಮನ್ ತೆಗೆದ. ಆಮೇಲೆ ಮೂವರೂ ಉಳಿದಿದ್ದ ನಾಲ್ಕನೇ ಬೀಗದ ಕಡೆ ಕೈ ತೋರಿಸಿದ್ರು.

“ಇದು ನಿಮ್ದಲ್ವಾ?”

“ನಮ್ದ್ಯಾಕ್ರೀ? ನಿಮ್ದು!”

“ನಮ್ ಬೀಗ ಇಷ್ಟು ತುಕ್ಕು ಹಿಡಿದು ಲಡ್ಡಾಗಿರಲ್ಲ.”

ಅತಿಥಿಗಳು ಬೆವರು ಒರೆಸ್ಕೊಂಡ್ರು. “ಈಗ ತಾನೇ ಹೊಗಳಿದ್ನಲ್ರೀ! ಒಡೀರಿ ಅದನ್ನ.”

“ಬೇರೆ ಆಫೀಸಿನ ಆಸ್ತಿ ಸಾರ್, ನಾನು ಮುಟ್ಟಲ್ಲ,” ಅಂತ ಲೈನ್‌ಮನ್ ಹಿಂದೆ ಸರಿದ.

ಕೀಲಿ ಮನೇಲಿ ಮೊಳೆಗೆ ನೇತಾಕಿದ್ದೆ. ಪಕ್ಕದಲ್ಲೇ ಪೊಲೀಸಪ್ಪ ಬೇರೆ. ಮೆಲ್ಲಗೆ ಜಾರ್ಕೊಳ್ಳೋಣ ಅಂತ ತಿರುಗಿದ್ರೆ ಎದುರಿಗೆ ಅಜ್ಜಿ! ನನ್ನ ಕಿವಿ ಹಿಂಡಿ, “ಸೈಕಲ್ಲಿಗೆ ಬೀಗ ಇಲ್ಲ, ಮೊಳೇಲಿ ಬರೀ ಕೀಲಿ ಇತ್ತು. ನಂಗೆ ಗೊತ್ತಾಗಲ್ವೇನ್ಲಾ?” ಅಂತ ಪಿಸುಗುಟ್ಟಿ, ಸೀದಾ ಗೇಟಿಗೆ ಹೋದ್ಳು. ಎಲೆಅಡಿಕೆ ಚೀಲದಿಂದ ಕೀಲಿ ತೆಗೆದು ಬೀಗ ಬಿಚ್ಚಿದಳು. ಯಾರೂ ಬಾಯಿ ಬಿಡೋಕೆ ಮುಂಚೆ ನಲ್ಲಿ ತಿರುಗಿಸಿ ತನ್ನ ಕೊಡ ಇಟ್ಟೇಬಿಟ್ಳು. ನೀರು ಜೋರಾಗಿ ಬಂತು.

“ಇವರು ಯಾವ ಆಫೀಸಿನವರು?” ಅಂದ್ರು ಅತಿಥಿಗಳು.

ಮೇಡಂ ನಗು ತಡ್ಕೊಂಡು ಬೋರ್ಡಿನ ಕೊನೇ ಸಾಲು ತೋರಿಸಿದ್ರು. “ಸಾರ್ವಜನಿಕರು ಸಾರ್.”

ಅತಿಥಿಗಳಿಗೆ ಖುಷಿಯಾಗಿ ತಮ್ಮ ಕೊರಳಿನ ಹಾರ ತೆಗೆದು ಅಜ್ಜಿಗೇ ಹಾಕಿದ್ರು. ಚಪ್ಪಾಳೆ, ಫೋಟೋ. ಅಜ್ಜಿ ಫೋಟೋ ಮುಗಿಯೋವರೆಗೂ ಗಂಭೀರವಾಗಿ ನಿಂತಿದ್ಳು. ಆಮೇಲೆ ಹಾರ ಬಿಚ್ಚಿ, ಹೊಸ ನಲ್ಲಿ ನೀರು ಚಿಮುಕಿಸಿ, ಬುಟ್ಟಿಯೊಳಗೆ ಮಡಗಿದ್ಳು.

“ಹಾಕಿದ ಹಾರಾನ ದೇವರಿಗೆ ಮಾರ್ತೀಯೇನಜ್ಜಿ?” ಅಂದೆ.

“ದೇವರಿಗೆ ಯಾಕ್ಲಾ ಮಾರ್ಲಿ? ನೀನು ಇನ್ನೊಂದು ಕಡೆ ಬೀಗ ಹಾಕು ಹೋಗು. ಮುಂದಿನ ಉದ್ಘಾಟನೆಗೆ ಇದೇ ಹಾರ ಆಗುತ್ತೆ!”